ಸುಶೀಲವ್ವ ತಂದ ಮಣ್ಣು

ಗಜೇಂದ್ರಗಡದಿಂದ ಮೆಣಸಗಿಗೆ ಸೊಸೆಯಾಗಿ ಬಂದಾಗ ಸುಶೀಲವ್ವನ ಟ್ರಂಕಿನಲ್ಲಿ ಇಳಕಲ್ ಸೀರೆಗಳ ನಡುವೆ ವಾಸನೆಯ ಸಾಬೂನುಗಳಿದ್ದವು. ಅಪ್ಪನದು ಕಿರಾಣಿ ಅಂಗಡಿ. ತಾಯಿಯಿಲ್ಲದ ಮಗಳು ಕೇಳಿದ್ದಕ್ಕೆ ಆತ ಎಂದೂ ಇಲ್ಲ ಅಂದವನಲ್ಲ. ಮೆಣಸಗಿಯ ಓಣಿಯಲ್ಲಿ ಆಕೆ ಹಾದುಹೋದ ಮೇಲೂ ಹೆಂಗಸರು ಮೂಗು ಅರಳಿಸಿ ನಿಲ್ಲುತ್ತಿದ್ದರು. ಅದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ನೀರಿಗೆ ಹೋಗುವಾಗ ಒಂದು ಓಣಿ ಬಳಸಿಕೊಂಡು ಹೋಗುತ್ತಿದ್ದಳು. ಹರೆಯದ ಜಂಬ, ಯಾರಿಗಿಲ್ಲ ಹೇಳಿ?

ಅತ್ತೆ ಫಕೀರವ್ವನ ಮನೆಯಲ್ಲಿ ಮಾತ್ರ ಮೈಗೆ ಹಚ್ಚುವುದೆಲ್ಲ ಹೊಲದ್ದು, ಗಿಡದ್ದು, ಕೆರೆಯದ್ದು. ಹಲ್ಲಿಗೆ ಬೇವಿನ ಕಡ್ಡಿ, ಇಲ್ಲವೇ ಜರಡಿ ಹಿಡಿದ ಬೂದಿ. ಚಳಿಗೆ ತುಟಿ ಒಡೆದರೆ ಬೆಣ್ಣೆ, ಹಿಮ್ಮಡಿ ಒಡೆದರೆ ಔಡಲೆಣ್ಣೆ. ಯುಗಾದಿಗೆ ಬೇವಿನೆಲೆ ಹಾಕಿ ಕಾಯಿಸಿದ ನೀರು, ದೀಪಾವಳಿಗೆ ಎಣ್ಣೆ ತಿಕ್ಕಿ ಕಡಲೆ ಹಿಟ್ಟು. ಶ್ರಾವಣದಲ್ಲಿ ನಾಗರ ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಕ್ಕಳ ತಲೆಗೆ ಮಣ್ಣು. ಅದೇನು ಸಿಕ್ಕ ಸಿಕ್ಕ ಮಣ್ಣಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಟ್ಟನಡುವಿನಿಂದ ಬೆಣ್ಣೆಯಂಥ ಕರಿಮಣ್ಣು ತೆಗೆದು, ಒಣಗಿಸಿ, ಕುಟ್ಟಿ, ಅರಿವೆಯಲ್ಲಿ ಸೋಸಿ, ಗಡಿಗೆಗೆ ತುಂಬಿ ಫಕೀರವ್ವ ಅಟ್ಟದ ಮೇಲೆ ಇಡುತ್ತಿದ್ದಳು. ಅಂಟವಾಳ ನೆನೆಸಿದ ನೀರಿನಲ್ಲಿ ಅದನ್ನು ಕಲಸಿ ಹಚ್ಚಿ ತೊಳೆದರೆ ಕೂದಲು ಮಿರಮಿರ ಮಿಂಚಬೇಕು.

"ಮಣ್ಣ ತರಾಕ ಹೊಂಟೀನಿ, ನೀನೂ ಬಾ. ನೋಡಿ ಕಲಕೋ" ಎಂದು ಆ ಬೇಸಿಗೆಯಲ್ಲಿ ಅತ್ತೆ ಕರೆದಿದ್ದಳು. ಸುಶೀಲವ್ವ ತಲೆನೋವೆಂದು ಮಲಗಿಬಿಟ್ಟಳು. ಬುಟ್ಟಿ ಹೊತ್ತು ಕೆಸರು ಬಗೆಯುವುದೆಂದರೆ ಅಂಗಡಿಕಾರನ ಮಗಳಿಗೆ ಏನೋ ಕಡಿಮೆ ಅನಿಸಿತ್ತು.

ಮುಂದೆ ಸಾಬೂನು ತೀರಿದವು. ಗಂಡ ಶಿವನಪ್ಪನಿಗೆ ಹೇಳಿದರೆ, "ದಿನಾ ಮಣ್ಣಾಗ ಹೊಳ್ಳ್ಯಾಡೂ ಮಂದಿ ನಾವು. ಮಣ್ಣಿಲೇ ತೊಳಕೊಂಡ್ರಾತು" ಎಂದು ನಕ್ಕುಬಿಟ್ಟ. ಹಾಗಾದರೆ ಮನೆಯ ಪದ್ಧತಿಯನ್ನೇ ಕಲಿತು ತೋರಿಸುತ್ತೇನೆ ಎಂದುಕೊಂಡಳು ಸುಶೀಲವ್ವ. ಆದರೆ ಬಾಯಿಬಿಟ್ಟು ಕೇಳಲಾರಳು! ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ಕದ್ದುಮುಚ್ಚಿ ತಾನೇ ಮಾಡಿ ನೋಡಿದಳು. ಬೂದಿ ಜರಡಿ ಹಿಡಿಯದೆ ಹಲ್ಲು ತಿಕ್ಕಿ ಒಸಡು ಕೆತ್ತಿಸಿಕೊಂಡಳು. ಔಡಲೆಣ್ಣೆಯನ್ನು ಕೊಬ್ಬರಿ ಎಣ್ಣೆಯ ಹಾಗೆ ಸುರಿದುಕೊಂಡು, ದಿಂಬು ತಲೆಗೆ ಅಂಟಿ ಗಂಡನ ಕೈಯಲ್ಲಿ ಬಿಡಿಸಿಕೊಂಡಳು. ಮಳೆಗಾಲ ಹತ್ತಿ ಒಲೆ ಬಿರುಕು ಬಿಟ್ಟಾಗ, ಅಟ್ಟದ ಮೇಲಿನ ಗಡಿಗೆಯಲ್ಲಿ ನುಣ್ಣನೆಯ ಮಣ್ಣು ಕಂಡು ಅದನ್ನೇ ತೆಗೆದು ಒಲೆಗೆ ಮೆತ್ತಿದಳು. "ಚಲೋ ಸಾರಿಸೀ ನೋಡ ಒಲಿ" ಎಂದು ಅತ್ತೆಯೇ ಹೊಗಳಿದಳು. ಪಾಪ, ಅದು ಯಾವ ಮಣ್ಣೆಂದು ಅತ್ತೆಗೇನು ಗೊತ್ತು?

ಅದೇ ವರ್ಷ, ಅಂದರೆ ಐವತ್ತನಾಲ್ಕರ ಶ್ರಾವಣದಲ್ಲಿ ನಾದಿನಿ ಗುಡ್ಡವ್ವ ನರೇಗಲ್ಲಿನಿಂದ ಬಂದಳು. ಮದುವೆಯಾದ ಮೇಲೆ ಅವಳದು ಮೊದಲ ಪಂಚಮಿ. ಗುಡ್ಡವ್ವನ ಕೂದಲು ಸೊಂಟ ದಾಟಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಹೆಚ್ಚು ಹೊತ್ತು ಹೆರಳನ್ನೇ ನೋಡಿದರೆಂದು ಮನೆಯಲ್ಲಿ ಈಗಲೂ ನಗುತ್ತಿದ್ದರು. ಪಂಚಮಿ ಮುಗಿಯುತ್ತಲೇ ಗಂಡ ಕರೆಯಲು ಬರುವವನಿದ್ದ.

ಆ ವರ್ಷ ಫಕೀರವ್ವನ ಅಂಗೈಗೆ ಜಾಲಿಮುಳ್ಳು ಚುಚ್ಚಿ ಕೀವಾಗಿತ್ತು. ನಾಗಚೌತಿಯ ಹಿಂದಿನ ದಿನ ಆಕೆ ಸೊಸೆಯನ್ನು ಕರೆದು ಹೇಳಿದಳು: "ಸುಶೀಲಾ, ಈ ಸಲ ಗುಡ್ಡವ್ವಗ ನೀನ ತಲಿ ಎರಿ. ಗಡಿಗ್ಯಾಗ ಮಣ್ಣ ಐತಿ. ತವರಿಗಿ ಬಂದ ಮಗಳು, ಎರದದ್ದ ಚಂದ ಆಗಬೇಕ ನೋಡ."

"ಹೂಂರಿ ಅತ್ತಿ" ಎಂದಳು ಸುಶೀಲವ್ವ. ಅತ್ತೆ ತನ್ನ ಕೈಯ ಕೆಲಸವೊಂದನ್ನು ನಂಬಿ ಕೊಟ್ಟದ್ದು ಇದೇ ಮೊದಲು. ಎದೆ ಉಬ್ಬಿತು. ಅಟ್ಟ ಹತ್ತಿ ಗಡಿಗೆ ನೋಡಿದರೆ ತಳದಲ್ಲಿ ಒಂದು ಬೊಗಸೆಯೂ ಇಲ್ಲ. ಮಣ್ಣೆಲ್ಲ ಒಲೆಯ ಮೈಯಲ್ಲಿ ಸುಟ್ಟು ಗಟ್ಟಿಯಾಗಿ ಕೂತಿದೆ! ಆಗ ಕೆಳಗಿಳಿದು ಬಂದು, "ಅತ್ತಿ, ಗೊತ್ತಿರಲಿಲ್ಲರಿ" ಅಂದಿದ್ದರೆ ಏನಾಗುತ್ತಿತ್ತು? ನಾಲ್ಕು ಬೈಗುಳ, ಓಣಿಯಲ್ಲಿ ನಾಲ್ಕು ದಿನದ ನಗು. ಅಷ್ಟೇ. ಆದರೆ ತಲೆಗೆ ಹಚ್ಚುವ ಮಣ್ಣನ್ನು ಒಲೆಗೆ ಹಚ್ಚಿದವಳು ಎಂಬ ಹೆಸರು ಹೊರಲು ಅವಳಿಗೆ ಧೈರ್ಯವಾಗಲಿಲ್ಲ.

ಅರಿವೆ ಒಗೆದು ತರುತ್ತೇನೆಂದು ಹೊಳೆಗೆ ಹೋದಳು. ಮಳೆಗೆ ಕೆರೆ ತುಂಬಿತ್ತು, ಅದರ ನಡುವಿನ ಮಣ್ಣು ಇನ್ನೆಲ್ಲಿ ಸಿಗಬೇಕು. ಹೊಳೆಯ ದಂಡೆಯಲ್ಲಿ ಅಗಸರು ಒಗೆಯುವ ಕಡೆ ಕ್ಷಾರ ತುಂಬಿದ ಸವಳು ಮಣ್ಣಿನ ಗುಡ್ಡೆಯೊಂದನ್ನು ಮಳೆ ತಾಗದಂತೆ ಚಾಪೆ ಮುಚ್ಚಿ ಇಟ್ಟಿದ್ದರು. ಮುಟ್ಟಿದರೆ ಹಿಟ್ಟಿನಷ್ಟು ನುಣುಪು. ಧೋತರದ ಜಿಡ್ಡು ತೆಗೆಯುವ ಮಣ್ಣು ತಲೆಯ ಎಣ್ಣೆ ತೆಗೆಯದೇ ಎಂದುಕೊಂಡಳು. ಆಚೀಚೆ ನೋಡಿ ಉಡಿಗೆ ತುಂಬಿಕೊಂಡಳು. ಮನೆಗೆ ಬಂದು, ಬಣ್ಣ ಬೇರೆ ಕಾಣಬಾರದೆಂದು ಗಡಿಗೆಯ ತಳದ ಕರಿಮಣ್ಣನ್ನು ಅದಕ್ಕೆ ಬೆರೆಸಿದಳು. ಆ ಬೆರೆಸಿದ ಗಳಿಗೆಯಲ್ಲಿ ಅದು ತಿಳಿಯದೆ ಮಾಡಿದ ತಪ್ಪಾಗಿ ಉಳಿಯಲಿಲ್ಲ.

ಚೌತಿಯ ಬೆಳಿಗ್ಗೆ ಗುಡ್ಡವ್ವ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಳು. ಸುಶೀಲವ್ವ ಧಾರಾಳವಾಗಿ ಎಣ್ಣೆ ತಿಕ್ಕಿ, ಮಣ್ಣು ಕಲಸಿ, ಬುಡದಿಂದ ತುದಿಯವರೆಗೆ ಮೆತ್ತಿದಳು.

"ವೈನಿ, ಯಾಕೋ ಉರಿತೈತಿ."

"ತಡಿ, ಹೊಲಸ ಹೋಗೂ ಮುಂದ ಉರಿತೈತಿ."

"ಅವ್ವ ಎರದ್ರ ಹಿಂಗ ಉರೀತಿದ್ದಿಲ್ಲ."

"ನಿಮ್ಮವ್ವಂದ ಮೆತ್ತಾನ ಕೈ. ನಂದ ಬಿರುಸ. ಸ್ವಲ್ಪ ತಡ್ಕೋ."

ಗುಡ್ಡವ್ವ ತಡೆದುಕೊಂಡಳು. ಹೆಚ್ಚು ಹೊತ್ತು ಇಟ್ಟಷ್ಟೂ ಒಳ್ಳೆಯದೆಂದು ಸುಶೀಲವ್ವ ಮಣ್ಣು ಒಣಗಿ ಬಿರಿಯುವ ತನಕ ಬಿಟ್ಟಳು. ನೀರು ಹಾಕಿದಾಗ ಬೆರಳು ಕೂದಲೊಳಗೆ ಹೋಗಲಿಲ್ಲ. ಮಿರಮಿರ ಎನ್ನಬೇಕಾದದ್ದು ತೆಂಗಿನ ನಾರಿನ ಹಾಗೆ ಒರಟಾಗಿ ಒಂದಕ್ಕೊಂದು ಹೆಣೆದುಕೊಂಡಿತ್ತು. ನೆತ್ತಿ ಕೆಂಪಗೆ ಸುಟ್ಟ ಹಾಗಾಗಿತ್ತು. ಎಣ್ಣೆ ಹಾಕಿದರು, ಮೊಸರು ಹಾಕಿದರು, ಹಣಿಗೆಯ ಹಲ್ಲು ಮುರಿದವು. ಮಧ್ಯಾಹ್ನದ ಹೊತ್ತಿಗೆ ಸೊಂಟದವರೆಗಿನ ಕೂದಲು ಗಂಟುಗಂಟಾಗಿ ಜೋತುಬಿದ್ದಿತ್ತು.

ಫಕೀರವ್ವ ಬಾಗಿಲು ಹಾಕಿದಳು. ಓಣಿಯವರು ಕಂಡರೆ ಹುಡುಗಿಗೆ ದೇವಿಯ ಜಡೆ ಬಂದಿದೆ ಎನ್ನುತ್ತಾರೆ. ಜಡೆ ಬಂದವಳನ್ನು ಎಲ್ಲಮ್ಮನಿಗೆ ಜೋಗತಿಯಾಗಿ ಬಿಡಬೇಕೆನ್ನುತ್ತಾರೆ. ಗಂಡನ ಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಚೌತಿಯ ದಿನ ಆ ಸೀಮೆಯಲ್ಲಿ ಕಾಯಿಪಲ್ಲೆ ಕೂಡ ಹೆಚ್ಚುವುದಿಲ್ಲ, ಒಲೆಗೆ ಹಂಚು ಇಡುವುದಿಲ್ಲ, ಮಣ್ಣಿಗೆ ಗುದ್ದಲಿ ತಾಗಿಸುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದಂತೆ. ಅಂಥ ದಿನ ತಾಯಿ ಕೀವಾದ ಕೈಯಲ್ಲಿ ಕತ್ತರಿ ಹಿಡಿದು ಮುತ್ತೈದೆ ಮಗಳ ಕೂದಲನ್ನು ಹೆಗಲಮಟ್ಟಕ್ಕೆ ಕತ್ತರಿಸಿದಳು. ಕತ್ತರಿಸುತ್ತ ಅತ್ತಳು. ಗುಡ್ಡವ್ವ ಅಳಲಿಲ್ಲ, ಉಡಿಯಲ್ಲಿ ಬಿದ್ದ ಗಂಟುಗಳನ್ನು ನೋಡುತ್ತ ಕೂತಿದ್ದಳು. ಸುಶೀಲವ್ವ ಗೋಡೆಗೆ ಅಂಟಿ ನಿಂತಿದ್ದಳು. ಹೇಳು, ಈಗಲಾದರೂ ಹೇಳು ಎಂದು ಒಳಗಿನಿಂದ ಯಾರೋ ಗುದ್ದುತ್ತಿದ್ದರು.

"ನಾ ಏನ ಪಾಪ ಮಾಡಿದ್ದೆ? ಯಾರ ಮುಟ್ಟಿದ್ರು ಇವತ್ತ ಮಣ್ಣ?" ಎಂದು ಫಕೀರವ್ವ ಗೋಳಿಟ್ಟಳು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸುಶೀಲವ್ವ ತನ್ನ ಉಗುರಿನ ಸಂದಿ ನೋಡಿಕೊಂಡಳು. ಆದರೆ ಉತ್ತರ ಬಂದದ್ದು ಅಂಗಳದಿಂದ.

"ನಾನ್ರಿ ಯವ್ವಾ" ಎಂದ ಹೊಳಿಯಪ್ಪ.

ಹೊಳಿಯಪ್ಪ ಆ ಮನೆಯಲ್ಲಿ ದುಡಿಯುತ್ತಲೇ ತಲೆ ಹಣ್ಣಾದ ಆಳು. ಗುಡ್ಡವ್ವನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಬೆಳಿಗ್ಗೆ ಕರುವಿನ ಗೂಟ ಮಳೆಗೆ ಸಡಿಲಾಗಿ ಕಿತ್ತು ಬಂದಿತ್ತು. ದಿನ ಯಾವುದೆಂದು ಮರೆತು ಗುದ್ದಲಿ ಹಾಕಿ ಕುಣಿ ತೋಡಿ ಗೂಟ ನೆಟ್ಟಿದ್ದ. "ಕರಾ ಬಿಚ್ಚಿಕೊಂಡ ಹೊಂಟಿತ್ತರಿ. ನೆನಪ ಹಾರಿ ಹೋತು. ನಾಗಪ್ಪ ನನ್ನ ಕಡದಿದ್ರ ಆಗತಿತ್ತು, ಕೂಸಿನ ತಲಿ ಯಾಕ ಹಿಡದಾ?" ಎಂದು ಹಣೆ ಚಚ್ಚಿಕೊಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಇಲ್ಲಿ ಎಮ್ಮೆ ತಾನಾಗಿಯೇ ಬಂದು ಬೆನ್ನು ಕೊಟ್ಟಿತ್ತು. ಸುಶೀಲವ್ವನಿಗೆ ಆಗ ಮೊದಲು ಅನಿಸಿದ್ದು ಹಗುರ. ಹೌದು, ಹಗುರವೇ. ಅದನ್ನು ನೆನೆದರೆ ಆಮೇಲೆ ಎಷ್ಟೋ ವರ್ಷ ಆಕೆ ಊಟದ ನಡುವೆಯೇ ಎದ್ದುಬಿಡುತ್ತಿದ್ದಳು.

ಹೊಳಿಯಪ್ಪ ಹರಕೆ ಹೊತ್ತ. ಪಂಚಮಿಯ ದಿನ ಉಪವಾಸವಿದ್ದು, ಒದ್ದೆ ಧೋತರದಲ್ಲಿ, ಮನೆಯ ಹೊಸ್ತಿಲಿಂದ ಊರ ಹೊರಗಿನ ಹುತ್ತದವರೆಗೆ ದೀಡ ನಮಸ್ಕಾರ ಹಾಕುತ್ತೇನೆಂದ. ಉದ್ದಕ್ಕೆ ಅಡ್ಡಬೀಳಬೇಕು, ಕೈ ಚಾಚಿದಲ್ಲಿ ಗೆರೆ ಎಳೆಯಬೇಕು, ಎದ್ದು ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು. "ಈ ವಯಸ್ಸಿನ್ಯಾಗ ಬ್ಯಾಡೋ" ಎಂದು ಶಿವನಪ್ಪ ಹೇಳಿ ನೋಡಿದ. ಕೇಳಲಿಲ್ಲ. ಫಕೀರವ್ವ ಹಾಲು, ಅರಳು, ಅರಿಷಿಣದ ತಟ್ಟೆಯನ್ನು ಸೊಸೆಯ ಕೈಗೇ ಕೊಟ್ಟಳು. "ನೀ ಹಿಂದ ಹಿಂದ ಹೋಗ. ಚೌತಿ ದಿನ ಕತ್ತರಿ ಹಿಡದ ನನ್ನ ಕೈ ಮೈಲಿಗಿ ಆಗೇತಿ."

ಊರ ತುಂಬ ಜೋಕಾಲಿ, ಉಂಡಿ ತಿನ್ನುವ ಮಕ್ಕಳು, ನಗುವ ಹೆಣ್ಣುಮಕ್ಕಳು. ಆ ನಡುವೆ ಶ್ರಾವಣದ ಕೆಸರಿನಲ್ಲಿ ಹೊಳಿಯಪ್ಪ ಬೀಳುತ್ತಿದ್ದ, ಏಳುತ್ತಿದ್ದ. ಗುಡ್ಡವ್ವ ತಲೆತುಂಬ ಸೆರಗು ಹೊದ್ದು ಪಕ್ಕದಲ್ಲಿ ನಡೆಯುತ್ತಿದ್ದಳು. ಹನುಮಪ್ಪನ ಗುಡಿ ಬಂದಾಗ ಹೇಳಿಬಿಡುತ್ತೇನೆ ಎಂದುಕೊಂಡಳು ಸುಶೀಲವ್ವ. ಗುಡಿಯ ಕಟ್ಟೆಯ ಮೇಲೆ ಜನ ಕೂತಿದ್ದರು, ಹೇಳಲಿಲ್ಲ. ಊರ ಅಗಸಿ ಬಾಗಿಲು ದಾಟಿದ ಮೇಲೆ ಎಂದುಕೊಂಡಳು. ಅಲ್ಲಿ ನೀರಿಗೆ ಬಂದ ಹೆಂಗಸರಿದ್ದರು. ಹೊಳಿಯಪ್ಪನ ಮೊಣಕಾಲು ಸುಲಿದು ಕೆಸರಿನ ಮೇಲೆ ಕೆಂಪು ಹತ್ತಿತು. ಆ ಗುರುತುಗಳನ್ನು ತುಳಿಯಬಾರದೆಂದು ಆಕೆ ಬದಿಗೆ ಹೆಜ್ಜೆ ಇಡುತ್ತಿದ್ದಳು. ಅಷ್ಟು ನಯ ಮಾತ್ರ ಬೇಕಾದಷ್ಟಿತ್ತು ಅವಳಲ್ಲಿ!

ಹುತ್ತದ ಮುಂದೆ ಕೊನೆಯ ಸಲ ಬಿದ್ದವನು ಬೇಗ ಏಳಲಿಲ್ಲ. ಶಿವನಪ್ಪ ರಟ್ಟೆ ಹಿಡಿದು ಎತ್ತಿ ಕೂರಿಸಿದ. ಮುಖದ ಕೆಸರು ಒರೆಸಿಕೊಳ್ಳದೆ ಹೊಳಿಯಪ್ಪ ಗುಡ್ಡವ್ವನ ಕಡೆಗೆ ಕೈಮುಗಿದ.

"ತಂಗೀ, ನನ್ನಿಂದ ನಿನ್ನ ಕೂದಲಾ ಹ್ವಾದ್ವು. ಹೊಟ್ಟ್ಯಾಗ ಹಾಕ್ಕೋ ನಮ್ಮವ್ವಾ."

ಸುಶೀಲವ್ವ ತಟ್ಟೆಯನ್ನು ನೆಲಕ್ಕಿಟ್ಟಳು.

"ಅವಂದಲ್ಲ" ಎಂದಳು. "ಗಡಿಗ್ಯಾನ ಮಣ್ಣ ನಾ ಒಲಿಗಿ ಹಚ್ಚಿದ್ದೆ. ಹೇಳಾಕ ನಾಚಿಕಿ ಆತು. ಅಗಸರ ಸವಳ ಮಣ್ಣ ತಂದ ಗುಡ್ಡವ್ವನ ತಲಿಗಿ ಮೆತ್ತಿದೆ. ಉರಿತೈತಿ ಅಂದ್ಲು. ಆದ್ರೂ ತೊಳೀಲಿಲ್ಲ."

ಶಿವನಪ್ಪ ಹೆಂಡತಿಯ ಮುಖವನ್ನೇ ನೋಡಿದ, ಆಮೇಲೆ ಬೇರೆ ಕಡೆ ನೋಡಿದ. ಗುಡ್ಡವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಸುಶೀಲವ್ವ ನೆಟ್ಟಗೆ ನಿಲ್ಲುತ್ತಿದ್ದಳು. ಅದಕ್ಕೆಂದೇ ಕಾದು ನಿಂತಿದ್ದಳು.

ಹೊಳಿಯಪ್ಪ ಮಾತ್ರ ಬಾಯಿ ತೆರೆದುಕೊಂಡು ಕೇಳಿದ. ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಆ ಕೆಸರು ಮುಖ ಅರಳಿತು.

"ಹಂಗಾರ ನಾಗಪ್ಪಗ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಅವ್ವಾರ?"

"ಇಲ್ಲ" ಎಂದಳು ಸುಶೀಲವ್ವ.

"ಖರೇನರಿ?"

"ಖರೇ."

ಅವನ ಕಣ್ಣಲ್ಲಿ ನೀರು ಬಂತು. ಹುತ್ತಕ್ಕೊಂದು, ಗುಡ್ಡವ್ವನಿಗೊಂದು, ಕೊನೆಗೆ ಸುಶೀಲವ್ವನಿಗೂ ಒಂದು ನಮಸ್ಕಾರ ಮಾಡಿದ. ಆಕೆ ಹಿಂದೆ ಸರಿಯುವಷ್ಟರಲ್ಲಿ ಮಾಡಿಬಿಟ್ಟಿದ್ದ.

ಹುತ್ತಕ್ಕೆ ಹಾಲೆರೆದು ಮರಳಿ ಬರುವಾಗ ಹೊಳಿಯಪ್ಪ ಕುಂಟುತ್ತ ಮುಂದೆ ನಡೆದ. ಅಗಸಿಯ ಹತ್ತಿರದ ಹೆಂಗಸರಿಗೆ ಹೇಳಿದ, ಗುಡಿಯ ಕಟ್ಟೆಯ ಮೇಲಿನವರಿಗೆ ಹೇಳಿದ, ಜೋಕಾಲಿ ನಿಲ್ಲಿಸಿ ನೋಡಿದವರಿಗೂ ಹೇಳಿದ: "ನಾಗಪ್ಪಗ ನನ್ನ ಮ್ಯಾಲ ಸಿಟ್ಟಿಲ್ಲಂತ! ನಮ್ಮ ಸಣ್ಣವ್ವಾರ ಹೇಳಿದ್ರು." ಯಾಕೆ, ಹೇಗೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಅದು ಅವನಿಗೆ ದೊಡ್ಡ ಮಾತಾಗಿ ಕಂಡಿರಲೇ ಇಲ್ಲ.

"ಚಲೋ ಸೊಸಿ ಸಿಕ್ಕಾಳ ಫಕೀರವ್ವಗ. ಮುದುಕನ ಜೀವಕ್ಕ ಸಮಾಧಾನ ಹೇಳ್ಯಾಳ ನೋಡ್ರಿ" ಎಂದರು ಕಟ್ಟೆಯ ಮೇಲಿನವರು. ಸುಶೀಲವ್ವ ಖಾಲಿ ತಟ್ಟೆ ಹಿಡಿದು, ತಲೆ ತಗ್ಗಿಸಿ, ಆ ಹೊಗಳಿಕೆಯ ನಡುವೆ ಮನೆಯ ತನಕ ನಡೆದಳು.