ಮುಹೂರ್ತದ ಸೂಜಿ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಜವಳಿ ಅಂಗಡಿ ಇಟ್ಟಿರುವ ಪುಷ್ಪರಾಜರಷ್ಟು ಜಾಗ್ರತೆಯ ಮನುಷ್ಯ ಈ ತಾಲೂಕಿನಲ್ಲೇ ಇಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ನಾನು ಪಕ್ಕದ ಮನೆಯವ, ಬೇಡವೆಂದರೂ ಕೇಳಿಸುತ್ತದೆ.

ಕೊರೊನ ಬಂದಾಗ ಅವರು ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆದರು. ಬಸಳೆ ಸೊಪ್ಪಿಗೂ ಸ್ನಾನವಾಯಿತು. ಬೆಳಿಗ್ಗೆ ಮನೆಮಂದಿಗೆಲ್ಲ ಕಷಾಯ, ಸಂಜೆ ಊರಿಗೆಲ್ಲ ವಾಟ್ಸಾಪಿನಲ್ಲಿ ಉಪದೇಶ. ಮೊಮ್ಮಗಳು ಬ್ರಾಹ್ಮಿಗೆ ಆಗ ಒಂಬತ್ತು ತಿಂಗಳು, ದಡಾರದ ಚುಚ್ಚುಮದ್ದು ಕೊಡಿಸಬೇಕಾದ ಪ್ರಾಯ. ಆದರೆ ಆಸ್ಪತ್ರೆಯವರೆಲ್ಲ ಕೊರೊನದ ಹಿಂದೆ ಓಡುತ್ತಿದ್ದುದರಿಂದ ಮಕ್ಕಳ ಚುಚ್ಚುಮದ್ದು ನಿಂತೇ ಹೋಗಿತ್ತು. ಅದು ಮತ್ತೆ ಶುರುವಾದ ಕೂಡಲೇ ಆಶಾ ಕಾರ್ಯಕರ್ತೆ ಬಿಸಿಲಲ್ಲಿ ನಡೆದು ಬಂದು, ಗೇಟಿನ ಹೊರಗೆ ನಿಂತು, ಮಗುವನ್ನು ಕರೆತನ್ನಿ ಎಂದಳು. ಸೊಸೆ ಸಾಧನಾ ಒಳಗೆ ಮಗುವಿನ ಟೊಪ್ಪಿ ಹುಡುಕತೊಡಗಿದ್ದಳು. ಪುಷ್ಪರಾಜರು ಗೇಟು ತೆರೆಯಲೇ ಇಲ್ಲ.

“ಕೊರೊನ ಒಮ್ಮೆ ಹೋಗ್ಲಿ ಮಾರಾಯ್ತಿ. ಈಗ ಮಗುವಿಗೆ ಸೂಜಿಗೀಜಿ ಬೇಡ” ಎಂದರು.

ಎಂಥ ಜಾಗ್ರತೆ! ಮರುವಾರವೇ ಮಗುವಿನ ಕಿವಿ ಚುಚ್ಚುವ ಮುಹೂರ್ತ. ಅದನ್ನು ಮುಂದೂಡುವುದುಂಟೇ? ಪೊಲೀಸರಿಗೆ ಔಷಧಿ ಚೀಟಿ ತೋರಿಸಿ, ಅಕ್ಕಸಾಲಿಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಳದಾರಿಯಲ್ಲಿ ಬಂದರು. ಬಾವಿಕಟ್ಟೆಯಲ್ಲಿ ಆ ಮುದುಕನಿಗೆ ಸ್ನಾನ ಮಾಡಿಸಿ, ಎರಡು ಮಾಸ್ಕ್ ತೊಡಿಸಿ ಒಳಗೆ ಕರೆದರು. ಈ ಸೂಜಿ ಆಗುತ್ತದಾದರೆ ಆ ಸೂಜಿ ಯಾಕೆ ಆಗುವುದಿಲ್ಲ ಎಂದು ಸಾಧನಾ ಕೇಳಿಯೇಬಿಟ್ಟಳು. ಮುಹೂರ್ತ ತಪ್ಪಿದರೆ ಮತ್ತೆ ಸಿಕ್ಕುವುದಿಲ್ಲ, ಆಸ್ಪತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಮಾವ ಬಾಯಿ ಮುಚ್ಚಿಸಿದರು. ಮಗು ಕಿರುಚಿದ್ದು ನಮ್ಮ ಅಡುಗೆಮನೆಗೂ ಕೇಳಿತು. ಸ್ವಲ್ಪ ಹೊತ್ತಿಗೆ ಪಾಯಸವೂ ಬಂತು, ಕಂಪೌಂಡಿನ ಮೇಲಿಂದ.

ಮರುವರ್ಷ ದೊಡ್ಡವರಿಗೆ ಕೊರೊನ ಲಸಿಕೆ ಬಂದಾಗ ಸಾಲಿನಲ್ಲಿ ಪುಷ್ಪರಾಜರೇ ಮೊದಲು. ಅಂಗಿಯ ತೋಳು ಮಡಚಿ ಸೂಜಿ ಚುಚ್ಚಿಸಿಕೊಂಡ ಫೋಟೊ ಊರಿಗೆಲ್ಲ ಹೋಯಿತು. ಮಗುವಿನ ಚುಚ್ಚುಮದ್ದಿನ ಮಾತೆತ್ತಿದರೆ, ಕೊಡಿಸುವ ಕೊಡಿಸುವ ಎನ್ನುತ್ತಿದ್ದರು. ಸಾಧನಾಳಿಗೂ ಕೇಳಿ ಕೇಳಿ ಸಾಕಾಗಿ, ಕೊನೆಗೆ ಮರೆತೇ ಹೋಯಿತು.

ಅಂಗನವಾಡಿಗೆ ಸೇರಿದ ವರ್ಷ ಬ್ರಾಹ್ಮಿಗೆ ದಡಾರ ಎದ್ದಿತು. ಜ್ವರ ಇಳಿಯಿತು, ಆದರೆ ಕಿವಿಯಲ್ಲಿ ಕೀವು ತುಂಬಿತು. ಪುಷ್ಪರಾಜರು ಅಂಗಡಿಗೆ ಬಾಗಿಲು ಹಾಕಿ, ಮಗುವನ್ನು ಎತ್ತಿಕೊಂಡು ಮಂಗಳೂರಿಡೀ ಅಲೆದರು. ಅವರ ಮೋರೆ ನೋಡಿ ನನಗೆ ಪಾಪ ಅನಿಸಿತು. ಕೆನ್ನೆಗೆ ಎರಡು ಬಾರಿಸುವ ಎಂದೂ ಅನಿಸಿತು. ಮಗುವಿಗೆ ಎಡಗಿವಿ ಕೇಳಿಸದೆ ಹೋಯಿತು.

ಮೊನ್ನೆ ಅವಳ ಹುಟ್ಟುಹಬ್ಬಕ್ಕೆ ಅಜ್ಜ ಹೊಸ ಜುಮುಕಿ ತಂದಿದ್ದರು. ಜಗಲಿಯಲ್ಲಿ ಕೂತು ಎಡಗಿವಿಗೆ ತೊಡಿಸಿ, ಅಲ್ಲೇ ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಅವಳು ಚಕ್ಕುಲಿ ತಿನ್ನುತ್ತಲೇ ಇದ್ದಳು. ಇನ್ನೊಮ್ಮೆ ಕೇಳಿದರು. ಉಸಿರು ತಾಗಿತೋ ಏನೋ, ಅವರ ಗಲ್ಲ ಹಿಡಿದು ತನ್ನ ಬಲಗಡೆಗೆ ಎಳೆದಳು.

“ಅಜ್ಜ, ಆ ಕಿವಿ ಜುಮ್ಕಿ ಹಾಕ್ಲಿಕ್ಕೆ ಮಾತ್ರ. ಮಾತಾಡ್ಲಿಕ್ಕೆ ಈಚೆ ಬಾ.”