ಯೋಸೇಫನ ಇಬ್ಬರು ಅಪ್ಪಂದಿರು

ಹಗಲೆಲ್ಲ ಬಿಶ್ಕೆಕ್‌ನ ಬೀದಿಗಳಲ್ಲಿ ಮಿನಿ ಬಸ್ಸು ಓಡಿಸುವ ಓರ್ಮೋನ್, ಸಂಜೆಯಾದರೆ ಊರಾಚೆಯ ಬೈಬಲ್ ಕಾಲೇಜಿನಲ್ಲಿ ವಿದ್ಯಾರ್ಥಿ. ಕಾಲೇಜು ಅಂದರೆ ಹಿಂದೆ ಶಿಶುವಿಹಾರವಾಗಿದ್ದ ಕಟ್ಟಡ. ಕುರ್ಚಿಗಳು ಈಗಲೂ ಮಕ್ಕಳ ಅಳತೆಯವೇ. ಮೂವತ್ತೆಂಟು ವರ್ಷದ ಈ ದಢೂತಿ ಮನುಷ್ಯ ಮೊಣಕಾಲನ್ನು ಎದೆಗೆ ಆನಿಸಿಕೊಂಡು ಕೂತು, ಬೈಬಲಿನ ಪುಸ್ತಕಗಳನ್ನು ಒಂದೊಂದಾಗಿ ಓದುತ್ತಿದ್ದ.

ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಅವನಿಗೆ ಎಲ್ಲವೂ ತಿಳಿಯಾಗಿತ್ತು. ಕಾಲೇಜಿಗೆ ಕಾಲಿಟ್ಟ ಮೇಲೆ ತಲೆಬುಡ ಅರ್ಥವಾಗದಂತಾಯಿತು. ಈ ಪುಸ್ತಕ ಬರೆದವರು ಯಾರು ಎಂದರೆ ಮೂರು ಉತ್ತರ. ಯಾವ ಕಾಲದ್ದು ಎಂದರೆ ನಾಲ್ಕು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಅಡಿಟಿಪ್ಪಣಿಗಳು ಸಾಲುಗಟ್ಟಿ ಬರುತ್ತಿದ್ದವು. ‘ಮೊದಲಾದ್ರೆ ದೇವರ ಹತ್ರ ಏನಾದ್ರೂ ಕೇಳ್ಕೊಳ್ತಿದ್ರಿ, ಈಗ ದೇವರನ್ನೇ ಪ್ರಶ್ನೆ ಕೇಳ್ತಾ ಕೂತಿರ್ತೀರಿ’ ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವನಿಗೆ ನಗು ಬರುತ್ತಿರಲಿಲ್ಲ.

ಎರಡನೇ ವರ್ಷ ಮತ್ತಾಯನ ಸುವಾರ್ತೆ ಶುರುವಾಯಿತು. ಪಾಠ ಹೇಳುವವರು ವಿಕ್ಟರ್ ಪಾಕ್ ಎಂಬ ಕೊರಿಯನ್ ಮನೆತನದ ಮೇಷ್ಟ್ರು. ಮೊದಲ ಅಧ್ಯಾಯ ಶುರುವಾಗುವುದೇ ವಂಶಾವಳಿಯಿಂದ, ಬರೀ ಹೆಸರುಗಳದ್ದೇ ಮೆರವಣಿಗೆ. ಇವನು ಅವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು. ಬೇರೆಯವರು ಆಕಳಿಸತೊಡಗಿದರೆ ಓರ್ಮೋನ್ ಮಾತ್ರ ನೆಟ್ಟಗೆ ಕೂತ. ಕೊನೆಗೂ ಗೊತ್ತಿರುವ ದಾರಿಗೆ ಬಸ್ಸು ಬಂತಲ್ಲ ಎಂದು ಅವನಿಗೆ ಖುಷಿ.

ಖುಷಿಯಾಗದೆ ಏನು? ಐದು ವರ್ಷದವನಾಗಿದ್ದಾಗಲೇ ಅತಿಥಿಗಳ ಮುಂದೆ ಕೈಕಟ್ಟಿ ನಿಂತು ಏಳು ತಲೆಮಾರಿನ ಅಪ್ಪಂದಿರನ್ನು ಒಂದೇ ಉಸಿರಿಗೆ ಹೇಳಿದವನು ಅವನು. ಅಸನಾಲಿ, ಶೇರ್ಗಾಜಿ, ಬೋರುಬೈ, ಹಾಗೇ ಮೇಲೆ ಮೇಲೆ. ಅತಿಥಿಗಳು ಬೆನ್ನು ತಟ್ಟಿ, ಬೇಯಿಸಿದ ಕುರಿಯ ಕಿವಿಯನ್ನು ಕೊಯ್ದು ಬಹುಮಾನವಾಗಿ ಕೈಗೆ ಕೊಡುತ್ತಿದ್ದರು. ಏಳು ಹೆಸರು ಬಾರದವನನ್ನು ಅವನ ಊರಿನಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆಮೇಲೆ ಮೇಷ್ಟ್ರು ಲೂಕನ ಸುವಾರ್ತೆ ತೆಗೆಸಿದರು. ಮತ್ತಾಯನ ಪ್ರಕಾರ ಮರಿಯಳ ಗಂಡ ಯೋಸೇಫ ಯಾಕೋಬನ ಮಗ. ಲೂಕನ ಪ್ರಕಾರ ಅದೇ ಯೋಸೇಫ ಹೇಲಿಯ ಮಗ.

ಓರ್ಮೋನ್ ಎದ್ದು ನಿಂತ. ಪುಟ್ಟ ಕುರ್ಚಿಯೂ ಅವನಿಗೆ ಅಂಟಿಕೊಂಡೇ ಎದ್ದಿತು. “ಮೇಷ್ಟ್ರೇ, ಅಚ್ಚು ಹಾಕೋರು ತಪ್ಪು ಮಾಡಿದಾರೆ.”

ತರಗತಿಯೆಲ್ಲ ಗೊಳ್ಳೆಂದಿತು. “ಹಾಗಾದ್ರೆ ಎರಡು ಸಾವಿರ ವರ್ಷದಿಂದ ಅದೇ ತಪ್ಪು ಅಚ್ಚಾಗ್ತಿದೆ ಅಣ್ಣಾ” ಎಂದಳು ಪಕ್ಕದಲ್ಲಿ ಕೂತ ಗುಲ್ಬಾರಾ.

ಮೇಷ್ಟ್ರು ಹಲಗೆಯ ಮೇಲೆ ಮೂರು ವಿವರಣೆ ಬರೆದರು. ಒಂದು, ಯಾಕೋಬ, ಹೇಲಿ ಅಣ್ಣತಮ್ಮಂದಿರು. ಒಬ್ಬ ಸತ್ತಾಗ ಇನ್ನೊಬ್ಬ ಅವನ ಹೆಂಡತಿಯನ್ನು ಮದುವೆಯಾಗಿ, ಹುಟ್ಟಿದ ಮಗನನ್ನು ಸತ್ತವನ ಹೆಸರಿಗೆ ಬರೆಸಿದ. ಎರಡು, ಲೂಕನದು ಮರಿಯಳ ತವರಿನ ಪಟ್ಟಿ. ಮೂರು, ಇಬ್ಬರೂ ತಮ್ಮ ತಮ್ಮ ಉದ್ದೇಶಕ್ಕೆ ತಕ್ಕಂತೆ ಹೆಸರು ಜೋಡಿಸಿದ್ದಾರೆ.

“ಓರ್ಮೋನ್, ಮುಂದಿನ ಸೋಮವಾರ ನೀನು ಮಾತಾಡು. ಒಂದನ್ನ ಆರಿಸ್ಕೋ. ಯಾಕೆ ಅಂತ ಸಮರ್ಥನೆ ಕೊಡು. ಅದರಲ್ಲಿ ಏನು ಹುಳುಕಿದೆ ಅಂತಲೂ ನೀನೇ ಹೇಳು.”

“ನಿಜ ಯಾವುದು ಮೇಷ್ಟ್ರೇ?”

“ಅದನ್ನ ಪರೀಕ್ಷೇಲಿ ಕೇಳಲ್ಲಪ್ಪ.” ಮೇಷ್ಟ್ರು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡರು. “ನಮ್ಮಜ್ಜ ರೈಲಲ್ಲೇ ಸತ್ತೋದ್ರು, ಸರ್ಕಾರ ಕೊರಿಯನ್ನರನ್ನೆಲ್ಲ ತುಂಬಿ ಈ ಕಡೆಗೆ ಸಾಗಿಸಿದಾಗ. ಅವರ ಹೆಸರೇ ನನಗೆ ಗೊತ್ತಿಲ್ಲ. ಆದ್ರೂ ಪಾಠ ಮಾಡ್ತಿದೀನಲ್ಲ.”

ಓರ್ಮೋನ್‌ಗೆ ಮೇಷ್ಟ್ರ ಮೇಲೆ ಮರುಕವಾಯಿತು. ಗೊಂದಲ ಮಾತ್ರ ಹಾಗೇ ಉಳಿಯಿತು. ಇಬ್ಬರು ಅಪ್ಪಂದಿರು ಎಂದರೆ ಒಂದು ಪಟ್ಟಿ ಸುಳ್ಳು. ಪವಿತ್ರ ಪುಸ್ತಕದಲ್ಲಿ ಸುಳ್ಳಿಗೆ ಜಾಗ ಎಲ್ಲಿಯದು? ವಾರವಿಡೀ ಸ್ಟಿಯರಿಂಗ್ ಹಿಡಿದು ಇದನ್ನೇ ಮೆಲುಕು ಹಾಕಿದ. ಒಂದು ನಿಲ್ದಾಣದಲ್ಲಿ ಬಸ್ಸು ನಿಲ್ಲಿಸುವುದನ್ನೇ ಮರೆತು ಒಬ್ಬ ಅಜ್ಜಿಯಿಂದ ಚೆನ್ನಾಗಿ ಉಗಿಸಿಕೊಂಡ.

ವಂಶಾವಳಿಯ ಕಗ್ಗಂಟು ಬಿಡಿಸಬಲ್ಲವರು ಅವನಿಗೆ ಗೊತ್ತಿದ್ದಂತೆ ಒಬ್ಬರೇ. ಅವನ ಅಪ್ಪ ಅಸನಾಲಿ. ಕೋಚ್ಕೋರ್ ಕಣಿವೆಯಲ್ಲಿ ಯಾರ ಮನೆಯ ಮದುವೆ ನಿಶ್ಚಯವಾಗಬೇಕಾದರೂ, ಎರಡು ಕಡೆಯವರು ಏಳು ತಲೆಮಾರಿನೊಳಗೆ ಎಲ್ಲಾದರೂ ಕೂಡುತ್ತಾರೋ ಎಂದು ಕೇಳಲು ಅಸನಾಲಿಯ ಹತ್ತಿರವೇ ಬರುತ್ತಾರೆ. ಆದರೆ ಆ ಅಪ್ಪ ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಆದದ್ದು ಇಷ್ಟು. ಆ ಮುಸ್ಲಿಂ ಮನೆಯಲ್ಲಿ ಪ್ರತಿ ಗುರುವಾರ ಎಣ್ಣೆಯಲ್ಲಿ ರೊಟ್ಟಿ ಕರಿದು, ಸತ್ತುಹೋದ ದೊಡ್ಡಪ್ಪ ಸದಿರ್‌ನ ಹೆಸರಿನಲ್ಲಿ ಅಂಗೈ ಎತ್ತಿ ಪ್ರಾರ್ಥಿಸಿ ತಿನ್ನುವುದು ರೂಢಿ. ದೀಕ್ಷಾಸ್ನಾನದ ಹೊಸ ಹುಮ್ಮಸ್ಸಿನಲ್ಲಿದ್ದ ಓರ್ಮೋನ್ ಕೈ ಎತ್ತಲಿಲ್ಲ, ರೊಟ್ಟಿಯನ್ನೂ ಮುಟ್ಟಲಿಲ್ಲ. ‘ಸತ್ತವರಿಗೆ ಇದೆಲ್ಲ ತಲುಪಲ್ಲ’ ಎಂದ. ಊರೆಲ್ಲ ಕ್ರೈಸ್ತನಾದ ಎಂದು ಆಡಿಕೊಂಡಾಗಲೂ ಸುಮ್ಮನಿದ್ದ ಅಪ್ಪ ಅವತ್ತು ಕೆಂಡವಾದ. ‘ನಾನು ಸತ್ತಾಗ ಡೇರೆ ಹೊರಗೆ ನಿಂತು ಅಳೋಕೆ ಬರಬೇಡ. ಮೇಲೆ ಇನ್ನೊಬ್ಬ ಅಪ್ಪ ಸಿಕ್ಕಿದಾನಲ್ಲ, ಅವನಿಗೇ ಅಳು ಹೋಗು’ ಎಂದುಬಿಟ್ಟ.

ಆ ಕಡೆಯ ರೂಢಿಯಂತೆ, ಸತ್ತವನನ್ನು ಮಲಗಿಸಿದ ಕಂಬಳಿ ಡೇರೆಯ ಹೊರಗೆ, ಸೊಂಟಕ್ಕೆ ಪಟ್ಟಿ ಕಟ್ಟಿ, ಕೋಲಿನ ಮೇಲೆ ಬಾಗಿ, ಬಂದವರೆಲ್ಲರ ಎದುರು ಗಟ್ಟಿ ದನಿಯಲ್ಲಿ ಅಳುವವನು ಮಗ. ಆ ಜಾಗ ಖಾಲಿಯಿದ್ದರೆ ಸತ್ತವನಿಗೆ ಮಗನೇ ಇರಲಿಲ್ಲ ಎಂದಂತೆ. ಅಸನಾಲಿಗೆ ಓರ್ಮೋನ್ ಬಿಟ್ಟರೆ ಉಳಿದಿಬ್ಬರೂ ಹೆಣ್ಣುಮಕ್ಕಳು. ಮೂರು ವರ್ಷದಿಂದ ಓರ್ಮೋನ್‌ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿದ್ದುದು ಆ ಖಾಲಿ ಜಾಗ. ಮೊನ್ನೆಯಷ್ಟೇ ಅಮ್ಮ ಬಾತ್ಮಾ ಫೋನಿನಲ್ಲಿ, ಗಣಿಯ ದೂಳು ಕುಡಿದ ಅಪ್ಪನ ಎದೆ ಪೂರ್ತಿ ಹಾಳಾಗಿದೆ, ಡಾಕ್ಟರು ತಲೆ ಆಡಿಸಿದರು ಎಂದಿದ್ದಳು.

ಭಾನುವಾರ ಬಸ್ಸನ್ನು ಬೆಟ್ಟದ ದಾರಿಗೆ ಹತ್ತಿಸಿದ. ಹೋಗುತ್ತಿರುವುದು ಪಾಠದ ಸಂದೇಹ ಕೇಳಲು ಎಂದು ತನಗೆ ತಾನೇ ಹೇಳಿಕೊಂಡ.

ಅಪ್ಪ ದಿಂಬಿಗೊರಗಿ ಕೂತಿದ್ದ. ಅರವತ್ತು ದಾಟಿದ್ದಷ್ಟೇ, ನೋಡಿದರೆ ಎಂಬತ್ತು ಅನ್ನಬೇಕು. ಮಗನತ್ತ ತಿರುಗದೆ ಹೆಂಡತಿಗೆ ಹೇಳಿದ: “ಕೇಳೇ ಅವನನ್ನ, ದಾರಿ ತಪ್ಪಿ ಬಂದ್ನಾ ಅಂತ.”

“ಅಪ್ಪಾ, ಒಂದು ಸಂದೇಹ ಇತ್ತು. ಪಟ್ಟಿ ವಿಷಯ.”

ಪಟ್ಟಿ ಎಂದ ಕೂಡಲೇ ಮುದುಕನ ಮುಖ ಇತ್ತ ಹೊರಳಿತು. ಓರ್ಮೋನ್ ಎಲ್ಲ ಹೇಳಿದ. ಯಾಕೋಬನ ಮಗ ಅಂತ ಒಬ್ಬ ಬರೆದ, ಹೇಲಿಯ ಮಗ ಅಂತ ಇನ್ನೊಬ್ಬ. ಅಣ್ಣ ಸತ್ತರೆ ಅತ್ತಿಗೆಯನ್ನು ಮದುವೆಯಾಗಿ, ಹುಟ್ಟಿದ ಮಗುವನ್ನು ಸತ್ತವನ ಹೆಸರಿಗೆ ಬರೆಸುವುದು ಆ ಜನರಲ್ಲಿ ವಿಧಿಯಾಗಿತ್ತಂತೆ.

“ಸರಿಯಾಗೇ ಇದೆಯಲ್ಲ. ಅದರಲ್ಲಿ ನಿನಗೆ ಗೊಂದಲ ಏನು?”

“ಎರಡರಲ್ಲಿ ಒಂದು ಸುಳ್ಳಲ್ವಾ ಅಪ್ಪಾ? ಮದುವೆ ಮಾತಿಗೆ ಬಂದು ಸುಳ್ಳು ಪಟ್ಟಿ ಹೇಳಿದೋನನ್ನ ನೀವೇ ಮನೆಯಿಂದ ಎಬ್ಬಿಸಿ ಕಳಿಸಿದೀರಿ.”

ಟೀ ಬಗ್ಗಿಸುತ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪ ಅವಳನ್ನೊಮ್ಮೆ ನೋಡಿದ. ಅವಳು ತಲೆ ಎತ್ತಲಿಲ್ಲ, ಬೇಡ ಎನ್ನಲೂ ಇಲ್ಲ.

“ಅವತ್ತು ಸದಿರ್‌ನ ರೊಟ್ಟಿ ಬೇಡ ಅಂದೆ” ಎಂದ ಅಪ್ಪ.

“ಅದು ನನ್ನ ನಂಬಿಕೆ...”

“ಡೋಲೋನ್ ಘಾಟಿಲಿ ಲಾರಿ ಉರುಳಿ ಅವನು ಹೋದಾಗ ನೀನು ಇವಳ ಹೊಟ್ಟೆಲಿದ್ದೆ.”

ಓರ್ಮೋನ್‌ಗೆ ಮಾತು ಕೇಳಿಸಿತು, ಅರ್ಥ ಮಾತ್ರ ಆಗಲಿಲ್ಲ. “ಯಾರ ಹೊಟ್ಟೆಲಿ?” ಎಂದು ಪೆದ್ದನಂತೆ ಕೇಳಿದ.

“ಇವಳು ನಮ್ಮಣ್ಣನ ಹೆಂಡ್ತಿ ಕಣೋ. ನನಗಾಗ ಇಪ್ಪತ್ತೆರಡು. ಹಿರಿಯರು ಕೂತು ಮಾತಾಡಿ ನನ್ನ ಜೊತೆ ಮದುವೆ ಮಾಡಿಸಿದ್ರು. ಇವಳನ್ನ, ಹುಟ್ಟೋ ನಿನ್ನನ್ನ ಬೇರೆ ಮನೆಗೆ ಕಳಿಸೋಕಾಗುತ್ತಾ? ಆ ಜನ ಸತ್ತವನ ಹೆಸರಿಗೆ ಬರೆಸಿದ್ರು, ನಾವು ಬದುಕಿದವನ ಹೆಸರಿಗೆ ಬರೆಸಿದ್ವಿ. ಅಷ್ಟೇ ವ್ಯತ್ಯಾಸ.”

ಓರ್ಮೋನ್ ಮನಸ್ಸಿನಲ್ಲೇ ಏಳು ಹೆಸರು ಹೇಳಿ ನೋಡಿಕೊಂಡ. ಆರು ಸರಿಯಾಗಿದ್ದವು. ತಪ್ಪಿದ್ದುದು ಮೊದಲನೆಯದೇ. ಹಾಗಾದರೆ ಬೆನ್ನು ತಟ್ಟಿದ ಆ ಅತಿಥಿಗಳಿಗೆಲ್ಲ ಇದು ಗೊತ್ತಿತ್ತು. ಒಂದಕ್ಷರ ತಪ್ಪಿದರೆ ರೇಗುವ ಆ ಮುದುಕರಲ್ಲಿ ಒಬ್ಬರೂ ಹುಬ್ಬು ಗಂಟಿಕ್ಕಿರಲಿಲ್ಲ. ಊರಿಗೆ ಊರೇ ಸೇರಿ ಮೋಸ ಮಾಡಿತೋ, ಕಾಪಾಡಿತೋ? ಅವನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ತಾನು ಮುಟ್ಟದೆ ಬಿಟ್ಟದ್ದು ಹೆತ್ತ ಅಪ್ಪನ ಹೆಸರಿನ ರೊಟ್ಟಿಯನ್ನು ಎಂದು ಹೊಳೆಯಿತು. ಅಮ್ಮನನ್ನು ಕೇಳಬೇಕಾದದ್ದು ಬೆಟ್ಟದಷ್ಟಿತ್ತು; ಅವಳತ್ತ ತಿರುಗಿದ.

“ಟೀ ಆರೋಗುತ್ತೆ” ಎಂದಳು ಅವಳು.

“ಈಗ ಹೇಳು” ಎಂದ ಅಪ್ಪ. “ಯಾವ ಪಟ್ಟಿ ಸುಳ್ಳು?”

“ನನಗೇನೂ ಗೊತ್ತಾಗ್ತಿಲ್ಲ ಅಪ್ಪಾ.”

“ಮೂರು ವರ್ಷದ ಕೆಳಗೆ ಎಲ್ಲಾ ಗೊತ್ತಿತ್ತು.” ಮುದುಕ ನಕ್ಕ; ನಗು ಕೆಮ್ಮಾಗಿ ತಿರುಗಿ ಬಹಳ ಹೊತ್ತು ಬಿಡಲಿಲ್ಲ. ಅಮ್ಮ ಬೆನ್ನು ನೀವಿದಳು.

ಕೆಮ್ಮು ನಿಂತ ಮೇಲೆ ಓರ್ಮೋನ್ ಕೇಳಿಯೇಬಿಟ್ಟ. ಪಾದ್ರಿಗಳು ಏನನ್ನುತ್ತಾರೋ ಎಂಬ ಅಳುಕು ನಡುವೆ ಬಂದರೂ ಕೇಳಿದ. “ಅಪ್ಪಾ, ನಿಮ್ಮ ಡೇರೆ ಹತ್ರ ನಾನು ನಿಲ್ಲಬಹುದಾ?”

ಅಪ್ಪ ಕಿಟಕಿಯತ್ತ ನೋಡುತ್ತ ಹೇಳಿದ: “ನಿಮ್ಮ ಮೇಷ್ಟ್ರಿಗೆ ಏನು ಬೇಕಾದ್ರೂ ಹೇಳ್ಕೋ. ಸದಿರ್ ಸತ್ತಾಗ ಡೇರೆ ಹೊರಗೆ ಅವನ ಮಗ ಅಂತ ಯಾರೂ ನಿಂತಿರಲಿಲ್ಲ. ನಾವು ತಮ್ಮಂದಿರು ಅತ್ವಿ, ಅದು ಬೇರೆ. ಮಗನ ಅಳು ಅವನಿಗೆ ಬಾಕಿ ಉಳೀತು. ನಾನು ಹೋದಾಗ ಬಂದು ನಿಂತ್ಕೋ. ಜೋರಾಗಿ ಅಳು. ಅವನ ಪಾಲೂ ಸೇರಿಸಿ ಅಳು.”

ಓರ್ಮೋನ್ ಬಟ್ಟಲು ಕೆಳಗಿಟ್ಟ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅಷ್ಟು ದೊಡ್ಡ ಆಳು ಬಿಕ್ಕಿ ಬಿಕ್ಕಿ ಅಳತೊಡಗಿದ. ಯಾವ ಅಪ್ಪನಿಗಾಗಿ ಎಂದು ಅವನಿಗೇ ಗೊತ್ತಿರಲಿಲ್ಲ.

“ಈಗಲೇ ಶುರು ಮಾಡ್ಬೇಡ್ವೋ ಮಗನೇ” ಎಂದ ಅಸನಾಲಿ. “ನಾನಿನ್ನೂ ಇದೀನಿ.”