ತಿನ್ನದವರ ಮನೆಯ ಕೋಳಿಗಳು

ಇಚಲಕರಂಜಿಯ ನಮ್ಮ ಗಲ್ಲಿಯಲ್ಲಿ ಕೋಳಿ ಸಾಕುವವರು ಮೊದಲೂ ಇದ್ದರು, ಈಗಲೂ ಇದ್ದಾರೆ. ಆದರೆ ಲಿಂಗಾಯತರ ಹಾಲವ್ವನ ಹಿತ್ತಲಿಗೆ ಕೋಳಿ ಬಂದ ದಿನ ಗಲ್ಲಿಗೆ ಗಲ್ಲಿಯೇ ಬಾಗಿಲಿಗೆ ಬಂದು ನಿಂತಿತ್ತು. ನಾನೂ ನಿಂತಿದ್ದೆ. ನಾನು ಎದುರು ಮನೆಯ ರಾಜಮತಿ, ಜೈನರವಳು. ಇರುವೆ ತುಳಿದರೂ ಬೈಸಿಕೊಳ್ಳುವ ಮನೆಯಲ್ಲಿ ಬೆಳೆದ ನನಗೆ ಕೋಳಿಯ ವಿಷಯ ಹೇಗೆ ಗೊತ್ತು ಅಂದರೆ, ಎಲ್ಲ ಹಾಲವ್ವನಿಂದಲೇ. ಬೇಡ ಮಾರಾಯ್ತಿ ಅಂದರೂ ಬಿಡದೆ ಹೇಳಿದ್ದಾಳೆ.

ಕೋಳಿ ಅವಳವಲ್ಲ, ಪಕ್ಕದ ಮನೆಯ ನಾಗೂಬಾಯಿಯವು. ನಾಗೂಬಾಯಿಯ ಮಗಳು ಸೋನಲಳನ್ನು ದೂರದ ಆಜರಾ ಊರಿಗೆ ಕೊಟ್ಟಿದೆ. ಅವಳಿಗೆ ದಿನ ತುಂಬುತ್ತ ಬಂದಿತ್ತು, ಪ್ರಯಾಣ ಮಾಡಕೂಡದು ಅಂತ ಡಾಕ್ಟರರು ಹೇಳಿದ್ದರು. ಮಗಳು ತವರಿಗೆ ಬರುವ ಬದಲು ತಾಯಿಯೇ ಹೊರಡಬೇಕಾಯಿತು. ಹೊರಡುವ ಮುಂಚೆ ಕೋಳಿಗಳನ್ನು ಎಲ್ಲಿ ಬಿಡುವುದು? ನಾಗೂಬಾಯಿಗೆ ಹಿಂದಿನ ಗಲ್ಲಿಯಲ್ಲಿ ನಾದಿನಿ ಇದ್ದಾಳೆ, ಮುಂದಿನ ಗಲ್ಲಿಯಲ್ಲಿ ತಂಗಿ ಇದ್ದಾಳೆ. ಅವರನ್ನೆಲ್ಲ ಬಿಟ್ಟು ಅವಳು ಬುಟ್ಟಿ ಹೊತ್ತುಕೊಂಡು ಹಾಲವ್ವನ ಬಾಗಿಲಿಗೆ ಬಂದಳು. ಕಾರಣವನ್ನೂ ಮುಚ್ಚಿಡಲಿಲ್ಲ.

“ಅವರ ಮನ್ಯಾಗ ಬಿಟ್ರ ಎರಡ ಐತವಾರದಾಗ ಮುಗಸ್ತಾರ್ರೀ ವೈನಿ. ನೀವು ತಿನ್ನಾಂಗಿಲ್ಲ. ನಿಮ್ಮ ಮನ್ಯಾಗ ಇಟ್ರ ಲಾಕರನ್ಯಾಗ ಇಟ್ಟಂಗ.”

ಹಾಲವ್ವನ ಗಂಡ ಅಲ್ಲಪ್ಪ ಒಳಗಿನಿಂದಲೇ ಗೊಣಗಿದ. ಮೂವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ಮಗ್ಗ ರಿಪೇರಿಯ ಜಾಬರ್ ಆಗಿದ್ದವನು, ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿದೆ, ಹುಂಜದ ಕೂಗು ಅವನಿಗೆಲ್ಲಿ ಕೇಳಬೇಕು. ಆದರೂ ಗೊಣಗಿದ. ಹಾಲವ್ವ ಕೇಳಿಸಿಕೊಳ್ಳಲಿಲ್ಲ. ಅವಳು ಆಗಲೇ ಬುಟ್ಟಿಯ ಸಂದಿಯೊಳಗೆ ಕಣ್ಣಿಟ್ಟು, ಕೋಳಿ ರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ ಯಾಕೆ ಮುಚ್ಚುತ್ತದೆ ಅಂತ ನೋಡುತ್ತಿದ್ದಳು.

ಇದು ಅವಳ ಹುಟ್ಟುಗುಣ. ಗಡಹಿಂಗ್ಲಜದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಕೂತು ಕಾಂಡಿ ಸುತ್ತುತ್ತಾಳೆ. ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಸುರುಳಿ. ಕೈ ಸುತ್ತುತ್ತಿದ್ದರೆ ಬಾಯಿ ಕೇಳುತ್ತಿರುತ್ತದೆ: ಇದು ಯಾಕೆ, ಅದು ಹೆಂಗ. ಅವಳ ಜೊತೆ ಸಂತೆಗೆ ಹೋದರೆ ನನಗೆ ತಲೆ ಕೆಡುತ್ತದೆ. ಬದನೆಕಾಯಿ ಕೊಳ್ಳುವ ಮೊದಲು ಮಾರುವವಳ ಮನೆತನದ ಪೂರಾ ವಿಚಾರಣೆ ಆಗಲೇಬೇಕು.

ಕೋಳಿ ಬಂದ ಮೇಲೆ ಹಿತ್ತಲಲ್ಲಿ ಬಕೆಟ್ ಬೋರಲು ಹಾಕಿ ಕೂತುಬಿಟ್ಟಳು. ದಿನಾ ಸಂಜೆ ನನಗೆ ವರದಿ. ಕಾಳು ಹಾಕಿದರೆ ಮೊದಲು ಕರೇ ಕೋಳಿಯೇ ತಿನ್ನಬೇಕಂತೆ. ಬೇರೆ ಯಾವುದಾದರೂ ಮುಂದೆ ಬಂದರೆ ತಲೆಗೆ ಕುಕ್ಕುತ್ತದಂತೆ. ಕೆಂಚು ಕೋಳಿ ಪಾಪದ್ದು, ಎಲ್ಲರದೂ ಆದಮೇಲೆ ಅದರ ಸರದಿ. ಚುಕ್ಕೆಯದು ಮಧ್ಯಾಹ್ನ ಒಲೆಯ ಬೂದಿ ಸುರಿದ ಗುಂಡಿಯಲ್ಲಿ ಬಿದ್ದು ಹೊರಳುತ್ತದೆ, ಅದು ಹುಚ್ಚಲ್ಲ, ಮೈಯ ಹೇನು ಉದುರಿಸಿಕೊಳ್ಳುವ ಸ್ನಾನ. ಹುಂಜಕ್ಕೆ ಹುಳ ಸಿಕ್ಕರೆ ತಾನು ತಿನ್ನದೆ ಕುಟುಕುಟು ಅಂತ ಕರೆದು ಹೇಂಟೆಗಳಿಗೆ ಬಿಡುತ್ತದೆ. ಈ ಮಾತನ್ನು ಹಾಲವ್ವ ಅಲ್ಲಪ್ಪನ ಎದುರಿಗೇ ಹೇಳಿದಳು, ಅದೂ ಅವನು ಕೊನೆಯ ಭಜಿ ಬಾಯಿಗೆ ಹಾಕಿಕೊಂಡ ಹೊತ್ತಿಗೆ.

ಮೊಟ್ಟೆಯದೊಂದು ಪಂಚಾಯಿತಿ ಇತ್ತು. ಅವಳು ಕೈಯಿಂದ ಮುಟ್ಟುತ್ತಿರಲಿಲ್ಲ. ಹಳೇ ಸೌಟೊಂದನ್ನು ಹಿತ್ತಲ ಗೋಡೆಗೆ ಬೇರೆಯೇ ನೇತುಹಾಕಿದ್ದಳು. ಅದರಲ್ಲಿ ತತ್ತಿ ಎತ್ತಿ ಬುಟ್ಟಿಗಿಡುವಳು, ಮೂಲೆಯಲ್ಲಿ ಆಮ್ಲೆಟ್ ಗಾಡಿ ಇಟ್ಟಿರುವ ಹಣಮವ್ವ ಬಂದು ಒಯ್ಯುವಳು. ನಾಗೂಬಾಯಿ ಹಾಗೆ ಹೇಳಿ ಹೋಗಿದ್ದಳು. ಸೌಟಿನಲ್ಲಿ ತತ್ತಿ ಎತ್ತುವಾಗ ಹಾಲವ್ವನ ಮುಖ ನೋಡಬೇಕು, ಕೂಸನ್ನು ಎತ್ತಿದಂತೆ ಉಸಿರು ಹಿಡಿದಿರುತ್ತಿದ್ದಳು.

ಥಂಡಿ ಜೋರಾಯಿತು. ಬೆಳಿಗ್ಗೆ ಕೋಳಿಗಳು ಮೈ ಉಬ್ಬಿಸಿಕೊಂಡು ಒಂದಕ್ಕೊಂದು ಅಂಟಿ ಕೂತಿರುವುದನ್ನು ನೋಡಿ ಹಾಲವ್ವ ಒಳಗಿನಿಂದ ಒಂದು ಚೀಲ ಎಳೆದು ತಂದಳು. ಕಾಂಡಿ ಸುತ್ತಿ ಉಳಿದ ತುಂಡು ನೂಲು ಅವಳಲ್ಲಿ ಚೀಲಗಟ್ಟಲೆ. ಅದನ್ನು ಗೂಡಿನಲ್ಲಿ ದಪ್ಪಗೆ ಹಾಸಿದಳು. ನನ್ನನ್ನು ಕರೆದು ತೋರಿಸಿದಳು ಕೂಡ. ಮೆತ್ತಗೆ, ಬಣ್ಣಬಣ್ಣದ್ದು, ಬಾಣಂತಿಯ ಹಾಸಿಗೆಗೂ ಅಷ್ಟು ಆರೈಕೆ ಇರಲಿಕ್ಕಿಲ್ಲ. ಚೆನ್ನಾಗಿದೆ ಅಂದೆ. ಅಂದವಳು ನಾನೇ.

ಕೆಲವು ವಾರದ ಮೇಲೆ ಕೆಂಚು ಕೋಳಿ ಮೂಲೆ ಹಿಡಿಯಿತು. ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ನಿಂತೇ ಇತ್ತು. ಅರಿಶಿನದ ನೀರು ಕುಡಿಸಿದ್ದಾಯಿತು, ಬಿಸಿಲಿಗೆ ಇಟ್ಟಿದ್ದಾಯಿತು. ಒಂದು ಶನಿವಾರ ಸತ್ತಿತು. ಅಲ್ಲಪ್ಪ ಯಾರಿಗೂ ಕಾಣದಂತೆ ಬಟ್ಟೆಯಲ್ಲಿ ಸುತ್ತಿ ಒಯ್ದು ಹಳ್ಳದ ದಂಡೆಯಲ್ಲಿ ಹೂತು ಬಂದ. ಮರ್ಯಾದೆಗೆ ಅಂಜಿ ಹಾಗೆ ಮಾಡಿದ, ಮರ್ಯಾದೆ ಹೋಗಿದ್ದೇ ಅದರಿಂದ.

ಮರುದಿನ ಐತವಾರ ಅವರ ಮಗ ರೋಹನ ಕೊಲ್ಲಾಪುರದಿಂದ ಬಂದಿದ್ದ. ಅಲ್ಲಿ ಕಾರಖಾನೆಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಸೋಮವಾರ ಹಣಮವ್ವ ತತ್ತಿಗೆ ಬಂದವಳು ಕೋಳಿ ಎಣಿಸಿದಳು. ಒಂದು ಕಡಿಮೆ. ಸತ್ತಿತು ಅಂದರೆ, ಸತ್ತದ್ದು ಎಲ್ಲಿ ಅಂತ ಕೇಳಿದಳು. ಆಮೇಲೆ ಗಾಡಿಯ ಹತ್ತಿರ ಆಮ್ಲೆಟ್ಟಿಗೆ ನಿಂತವರಿಗೆಲ್ಲ ಇದೇ ಸುದ್ದಿ: ಮಗ ಬಂದಾನ, ಕೋಳಿ ಹೋಗೈತಿ. ನಾನು ಹೋಗಿ ಅವಳಿಗೆ ಚೆನ್ನಾಗಿ ಬೈದು ಬಂದೆ. ನನ್ನ ಬಾಯಿ ಸಣ್ಣದಲ್ಲ. ಆದರೆ ಬೈದರೆ ಸುದ್ದಿ ಸಾಯುತ್ತದೆಯೇ, ಇನ್ನಷ್ಟು ರೆಕ್ಕೆ ಬಂತು.

ಹಾಲವ್ವ ಆಜರಾಕ್ಕೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ, ಫೋನಿನ ಸ್ಪೀಕರ್ ಹಾಕಿತ್ತು. ನಾಗೂಬಾಯಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಭಾಳ ಮೆತ್ತಗೆ ಅಂದಳು:

“ಹೋಗ್ಲಿ ಬಿಡ್ರಿ ವೈನಿ. ತಿಂದಿದ್ರೂ ನಾ ಏನೂ ಅಂತಿದ್ದಿಲ್ಲ.”

ಬೈದಿದ್ದರೆ ಹಾಲವ್ವ ತಡೆದುಕೊಳ್ಳುತ್ತಿದ್ದಳು. ಈ ಮೆತ್ತನೆಯ ಮಾತು ಅವಳನ್ನು ಕೂತಲ್ಲೇ ಕುಸಿಸಿತು. ಆ ದಿನ ಅವಳು ಊಟ ಮಾಡಲಿಲ್ಲ. ಊರು ಏನಾದರೂ ಅನ್ನಲಿ, ಬುಟ್ಟಿ ಹೊತ್ತು ತಂದುಕೊಟ್ಟವಳು ನಂಬಬೇಕಲ್ಲ ಅನ್ನುವುದೊಂದೇ ಅವಳ ಸಂಕಟ.

ಅಷ್ಟರಲ್ಲಿ ಚುಕ್ಕೆಯ ಕೋಳಿಯೂ ಮೂಲೆ ಹಿಡಿಯಿತು. ಕತ್ತು ತಿರುಚಿ ಕೊಲ್ಲುವ ಮಾನಮೋಡಿ ರೋಗ ಬಂದಿದೆ, ಎಲ್ಲವೂ ಹೋಗುತ್ತವೆ, ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಿ ಅಂತ ಗಲ್ಲಿಯೇ ತೀರ್ಪು ಕೊಟ್ಟಿತು. ಹಾಲವ್ವ ಒಪ್ಪಲಿಲ್ಲ. ಆ ರೋಗದ ಲಸಿಕೆಯ ಹನಿಯನ್ನು ನಾಗೂಬಾಯಿ ಹಾಕಿಸಿಯೇ ಹೋಗಿದ್ದಳು. ಇದರ ಕತ್ತು ತಿರುಚಿಲ್ಲ, ಹಿಕ್ಕೆ ಹಸಿರಾಗಿಲ್ಲ, ಉಳಿದವು ಗಟ್ಟಿಮುಟ್ಟಾಗಿವೆ. ತಿನ್ನಲು ಬರುತ್ತದೆ, ಎರಡು ಕಾಳು ಹೆಕ್ಕಿ ನಿಲ್ಲುತ್ತದೆ. ಹಸಿವಿದ್ದೂ ತಿನ್ನಲಾಗದ ಇದು ಎಂಥ ರೋಗ?

ಮರುದಿನ ಬೆಳಗಾಗುತ್ತಲೇ ನನ್ನನ್ನು ಕೂಗಿದಳು. ಹೋಗಿ ನೋಡಿದರೆ, ತತ್ತಿಯನ್ನು ಸೌಟಿನಲ್ಲಿ ಎತ್ತುವ ಹೆಂಗಸು ಕೋಳಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬರಿಗೈಯಲ್ಲಿ ಅದರ ಎದೆ ಒತ್ತಿ ನೋಡುತ್ತಿದ್ದಾಳೆ. ಒಂದನ್ನು ಬಿಟ್ಟು ಇನ್ನೊಂದು, ಸಾಲಾಗಿ ಎಲ್ಲವನ್ನೂ ಹಿಡಿದಳು. ಕೋಳಿ ತಿಂದ ಕಾಳು ಮೊದಲು ಕೊರಳ ಬುಡದ ಚೀಲದಲ್ಲಿ ಕೂಡುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದು ಚೀಲ ಖಾಲಿಯಾಗುತ್ತದೆ. ಇದನ್ನು ಅವಳು ನೋಡಿ ನೋಡಿಯೇ ತಿಳಿದದ್ದು. ಉಳಿದವುಗಳ ಚೀಲ ಬೆಳಗಿನ ಹೊತ್ತು ಚಪ್ಪಟೆ. ಚುಕ್ಕೆಯ ಕೋಳಿಯದು ಮಾತ್ರ ಉಬ್ಬಿ ಗಟ್ಟಿಯಾಗಿತ್ತು.

“ಮುಟ್ಟಿ ನೋಡ್ರಿ ಬಾಯಾರ” ಅಂದಳು. ನಾನು ಮುಟ್ಟಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೇಸಿಗೆಯಾಯಿತು.

ಒಂದು ಚಮಚ ಎಣ್ಣೆ ಕುಡಿಸಲು ಕೊಕ್ಕು ಬಿಡಿಸಿದಾಗ ನಾಲಿಗೆಯ ಬುಡದಲ್ಲಿ ನೀಲಿ ಎಳೆಯೊಂದು ಕಂಡಿತು. ಎಳೆದು ತೆಗೆಯಿರಿ ಅಂದೆ. ಹಾಲವ್ವ ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಎಳೆದು, ಬಿಟ್ಟುಬಿಟ್ಟಳು. ಒಳಗೆ ಗಂಟಾಗಿದೆ, ಎಳೆದರೆ ಕರುಳು ಹರಿದೀತು ಅಂದಳು. ಕೋಳಿಯನ್ನು ಸಂತೆಯ ಕೈಚೀಲದಲ್ಲಿಟ್ಟು ಸೆರಗು ಮುಚ್ಚಿ ನಾವಿಬ್ಬರೂ ರಿಕ್ಷಾ ಹತ್ತಿದೆವು. ದನದ ದವಾಖಾನೆಗೆ ಒಬ್ಬಳು ಜೈನ, ಒಬ್ಬಳು ಲಿಂಗಾಯತ, ನಡುವೆ ಒಂದು ಕೋಳಿ. ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ರಸ್ತೆ ನೋಡಪ್ಪ ಅಂತ ನಾನು ಗದರಿದೆ.

ಡಾಕ್ಟರ್ ಮೃಣಾಲ ಅಂತ ಒಬ್ಬ ಹುಡುಗಿ, ಮರಾಠಿಯವಳು. ಕೋಳಿಯ ಕೊರಳ ಚೀಲ ಮುಟ್ಟಿ ನೋಡಿ, ಕೊಯ್ದು ತೆಗೆಯಬೇಕು ಅಂದಳು. “ಆಜಿ, ತುಮ್ಹೀ ಬಾಹೇರ ಬಸಾ” ಅಂತ ಹೊರಗೆ ಕೂರಲು ಹೇಳಿದಳು. ನಾನು ಹೇಳುವ ಮೊದಲೇ ಎದ್ದಿದ್ದೆ. ಹಾಲವ್ವ ಅಲ್ಲಾಡಲಿಲ್ಲ. ಒಳಗೆ ಏನೈತಿ ನಾ ನೋಡಬೇಕು ಅಂದಳು. ಹುಟ್ಟಿದಾಗಿನಿಂದ ಮಾಂಸ ಕಣ್ಣಿಟ್ಟು ನೋಡದ ಹೆಂಗಸು ಕೋಳಿಯ ಕಾಲು ಹಿಡಿದುಕೊಂಡು ನಿಂತಳು. ನಾನು ಬಾಗಿಲ ಸಂದಿಯಿಂದ ಒಂದು ಕಣ್ಣು ಬಿಟ್ಟು ನೋಡಿದೆ.

ಸೂಜಿ ಚುಚ್ಚಿ, ಗರಿ ಕಿತ್ತು, ಸಣ್ಣದಾಗಿ ಕೊಯ್ದು ಡಾಕ್ಟರ್ ಇಕ್ಕಳ ಹಾಕಿದಳು. ಹೊರಬಂದದ್ದು ನೂಲಿನ ಉಂಡೆ. ಕಾಳು, ಹುಲ್ಲು ಎಲ್ಲ ಸಿಕ್ಕಿಕೊಂಡು ಒದ್ದೆಯಾಗಿ ಗಟ್ಟಿಯಾಗಿತ್ತು. ನೀರಿನಲ್ಲಿ ಅಲುಗಿಸಿದಾಗ ನೀಲಿ ಕಂಡಿತು, ಹಸಿರು ಕಂಡಿತು, ಮೆಣಸಿನಕಾಯಿ ಕೆಂಪು ಕಂಡಿತು. ಅವಳು ಆ ಚಳಿಗಾಲದಲ್ಲಿ ಸುತ್ತಿದ ಬಣ್ಣಗಳೇ ಅವು. ಹಾಲವ್ವ ಏನನ್ನೂ ಕೇಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಹೊಲಿಗೆ ಹಾಕಿ ಮುಗಿದ ಮೇಲೆ ಆ ಉಂಡೆಯನ್ನು ಕಾಗದದಲ್ಲಿ ಕಟ್ಟಿಕೊಡಲು ಹೇಳಿದಳು.

ಮನೆಗೆ ಬಂದವಳೇ ಗೂಡಿನೊಳಗೆ ತಲೆ ಹಾಕಿ ನೂಲೆಲ್ಲ ಎಳೆದು ಹಾಕಿದಳು, ಹಿತ್ತಲು ಗುಡಿಸಿದಳು, ಎಳೆ ಎಳೆ ಹುಡುಕಿ ತೆಗೆದಳು. ಕಬ್ಬಿನ ಒಣ ಎಲೆ, ರವದಿ, ತರಿಸಿ ಹಾಸಿದಳು. ನಾನು ಸಮಾಧಾನ ಹೇಳಲು ಹೋದೆ. ನೋಡಿ, ಕೆಂಚು ಕೋಳಿಯೂ ಹೀಗೇ ಸತ್ತಿರಬೇಕು, ನಿಮ್ಮ ಮನೆಯವರು ತಿಂದಿಲ್ಲ ಅಂತ ಈಗ ಸಾಕ್ಷಿ ಸಿಕ್ಕಿತು, ಇನ್ನು ನೂಲಿನ ಮಾತು ಎತ್ತದೆ ರೋಗದಿಂದ ಸತ್ತಿತು ಅಂತ ಹೇಳಿ ಮುಗಿಸಿಬಿಡಿ ಅಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಚುಕ್ಕೆಯ ಕೋಳಿ ಉಳಿಯಿತು. ಗಂಜಿ ಕುಡಿಸಿದಳು, ಮೊಸರು ನೆಕ್ಕಿಸಿದಳು. ಹೊಲಿಗೆಯ ಹೊಸ ಚರ್ಮವನ್ನು ಉಳಿದ ಕೋಳಿಗಳು ಕುಕ್ಕಬಾರದೆಂದು ನಡುವೆ ಬಲೆ ಕಟ್ಟಿ ಬೇರೆ ಇಟ್ಟಳು. ಗಾಯ ಮಾಯುವ ತನಕ ಬೇರೆ ಇಡಬೇಕು, ಆದರೆ ಕಣ್ಣಿಗೆ ಕಾಣುತ್ತಲೇ ಇರಬೇಕು, ಇಲ್ಲದಿದ್ದರೆ ಮರಳಿ ಬಿಟ್ಟಾಗ ಪರದೇಶಿಯೆಂದು ಹೊಡೆಯುತ್ತವೆ ಅಂತ ನನಗೂ ಪಾಠವಾಯಿತು.

ಮೊನ್ನೆ ನಾಗೂಬಾಯಿ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದಳು. ಕೂಸು ನೋಡಿ, ಸಕ್ಕರೆ ತಿಂದು ಆದಮೇಲೆ ಹಾಲವ್ವ ಆ ಕಾಗದದ ಪೊಟ್ಟಣ ತಂದು ಬಿಚ್ಚಿಟ್ಟಳು. ಒಣಗಿದ ನೂಲಿನ ಉಂಡೆ.

“ನಾವು ತಿಂದಿಲ್ಲ ನಾಗೂಬಾಯಿ. ಆದ್ರ ಕೆಂಚು ಕೋಳಿ ಕೊಂದಾಕಿ ನಾನ. ಥಂಡಿ ಆದೀತು ಅಂತ ನೂಲು ಹಾಸಿದೆ, ನುಂಗಿ ಸತ್ತು ಹೋತು.”

ಕಣ್ಣೀರು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾಗೂಬಾಯಿ ಉಂಡೆ ನೋಡಿದಳು, ಇವಳ ಮುಖ ನೋಡಿದಳು. ಎದ್ದು ಬಂದು ಹಾಲವ್ವನ ಎರಡೂ ಕೈ ಹಿಡಿದುಕೊಂಡಳು. “ಅವತ್ತ ಹಂಗ ಅಂದದ್ದಕ್ಕ ನನ್ನ ಬಾಯಾಗ ಹುಳ ಬೀಳ್ಲಿ” ಅಂದಳು. ಸೋನಲಳ ಕಣ್ಣೂ ತುಂಬಿತ್ತು. ನಾನು ಸುಮ್ಮನೆ ಕೂಸಿನ ಕಡೆ ನೋಡುತ್ತ ಕೂತೆ, ನನಗೆ ಅಳು ಬಂದರೆ ಸಿಟ್ಟೂ ಬರುತ್ತದೆ.

ಚಹಾ ಆಯಿತು. ಮಾತು ಹಗುರಾಯಿತು. ನಾಗೂಬಾಯಿ ಹಿತ್ತಲಿಗೆ ಹೋಗಿ ಕೋಳಿಗಳನ್ನು ನೋಡಿ ಖುಷಿಪಟ್ಟಳು. ಇವು ನನ್ನ ಹತ್ತಿರ ಇಷ್ಟು ದುಂಡಗಾಗಿರಲಿಲ್ಲ ಅಂದಳು. ಐತವಾರ ಅಳಿಯ ಹೆಂಡತಿಯನ್ನೂ ಕೂಸನ್ನೂ ನೋಡಿ ಹೋಗಲು ಬರುವವನಿದ್ದ. ಅಳಿಯ ಬಂದರೆ ಕೊಲ್ಲಾಪುರದ ಕೆಂಪು ರಸ್ಸಾ, ಬಿಳಿ ರಸ್ಸಾ ಅನ್ನುವ ಸಾರು ಆಗಲೇಬೇಕು, ಅದೂ ಮನೆಯಲ್ಲೇ ಸಾಕಿದ ಗಾವರಾನ, ಅಂದರೆ ನಾಟಿ, ಕೋಳಿಯದೇ. ನಾಗೂಬಾಯಿಯ ಮನಸ್ಸಿನಲ್ಲಿ ಯಾವ ಕೆಟ್ಟದ್ದೂ ಇರಲಿಲ್ಲ, ತನ್ನ ಕೋಳಿ, ತನ್ನ ಅಳಿಯ.

“ತತ್ತಿ ಇಡೂದು ಯಾವುದು ಬಿಟ್ಟೈತ್ರಿ ವೈನಿ? ಅದನ್ನ ಕೊಯ್ತೀನಿ. ನಿಮ್ಮಷ್ಟು ಇವನ್ನ ನೋಡಿದಾವರು ಯಾರೂ ಇಲ್ಲ. ನೀವು ಹೇಳಿದ್ದನ್ನ ಕಣ್ಣು ಮುಚ್ಚಿ ನಂಬ್ತೀನಿ.”

ಕರೇ ಕೋಳಿ ಬಿಟ್ಟಿತ್ತು. ಅದರ ಜುಟ್ಟು ಬಿಳಿಚಿದೆ, ಗೂಡಿಗೆ ಹೋಗುತ್ತದೆ, ಬರಿದೇ ಕೂತು ಎದ್ದು ಬರುತ್ತದೆ ಅಂತ ಅದೇ ಬೆಳಿಗ್ಗೆ ಹಾಲವ್ವ ನನಗೆ ಹೇಳಿದ್ದಳು. ಈಗ ಅದು ನಮ್ಮ ಎದುರಿಗೇ ಕಾಲು ಕೆದರುತ್ತ ನಿಂತಿತ್ತು. ಹಾಲವ್ವ ನನ್ನ ಕಡೆ ನೋಡಲಿಲ್ಲ. ಕೋಳಿಯ ಕಡೆಯೂ ನೋಡಲಿಲ್ಲ. ಸೆರಗನ್ನು ಬಾಯಿಗೆ ಹಿಡಿದಳು.

“ಎಲ್ಲಾ ಇಡ್ತಾವ” ಅಂದಳು.

ನಾಗೂಬಾಯಿ ನಂಬಿದಳು. ಹಂಗಾದರೆ ಪೇಟೆಯಿಂದಲೇ ತರಿಸುತ್ತೇನೆ ಬಿಡಿ ಅಂತ ಒಳಗೆ ಹೋದಳು.